ಸೈಕಲ್ಲು ಹೊರಲಾರದ ನೀರು

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಸಹಾರಾದ ಬಿಸಿಲಿನಲ್ಲಿ ದಿನವಿಡೀ ಪೆಡಲ್ ತುಳಿಯುವವನಿಗೆ ಕುಡಿಯಲು, ಬೇಯಿಸಿಕೊಳ್ಳಲು ಎಲ್ಲ ಸೇರಿ ದಿನಕ್ಕೆ 10 ಲೀಟರಾದರೂ ಬೇಕು. ಎರಡು ಬಾವಿಗಳ ನಡುವೆ 4 ದಿನದ ದಾರಿಯಿದ್ದರೆ 40 ಕಿಲೋ ಆಯಿತು. ಅದನ್ನು ಕ್ಯಾರಿಯರಿಗೆ ಕಟ್ಟಿದರೆ ಹಿಂದಿನ ಚಕ್ರ ಮರಳಿನಲ್ಲಿ ಹೂತುಕೊಳ್ಳುತ್ತದೆ. ಹೂತ ಸೈಕಲ್ಲನ್ನು ಇಳಿದು ತಳ್ಳಬೇಕು. ತಳ್ಳುತ್ತಾ ಹೋದರೆ 4 ದಿನದ ದಾರಿ 7 ದಿನದ್ದಾಗುತ್ತದೆ. ಆಗ 40 ಲೀಟರ್ ಸಾಲದು, 70 ಬೇಕು. 70 ಕಿಲೋ ಹೇರಿದ ಸೈಕಲ್ಲು ತಳ್ಳಿದರೂ ಅಲುಗುವುದಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಸಹಾರಾ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಅಲೆಅಲೆಯಾದ ಮರಳುದಿಬ್ಬಗಳು. ನಿಜದಲ್ಲಿ ಅಂಥ ಮರಳು ಇಡೀ ಸಹಾರಾದ ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಹೆಚ್ಚಾಗಿ 'ರೆಗ್' ಎಂದು ಕರೆಯುವ ಗರಸು ಕಲ್ಲಿನ ಬಯಲು, 'ಹಮಾದಾ' ಎಂಬ ಬೋಳು ಬಂಡೆಯ ಹಾಸು. ಗಟ್ಟಿಯಾದ ರೆಗ್ ಮೇಲೆ ಸೈಕಲ್ಲು ಒಂಟೆಗಿಂತ ಎರಡು ಮೂರು ಪಟ್ಟು ವೇಗವಾಗಿ ಓಡಬಲ್ಲದು. ಸರಕಿನ ಒಂಟೆ ಗಂಟೆಗೆ ನಾಲ್ಕೈದು ಕಿಲೋಮೀಟರಿನ ಲೆಕ್ಕದಲ್ಲಿ ದಿನಕ್ಕೆ 30–40 ಕಿಲೋಮೀಟರ್ ನಡೆಯುತ್ತದೆ, ಅಷ್ಟೇ. ಆದರೆ ಅದು 150 ಕಿಲೋ ಹೊರುತ್ತದೆ, ತಾನು ದಿನಗಟ್ಟಲೆ ನೀರು ಕೇಳುವುದಿಲ್ಲ. ಸೈಕಲ್ಲಿಗೆ ವೇಗವಿದೆ, ಬೆನ್ನಿಲ್ಲ.

ಮರುಭೂಮಿಯ ಸೈಕಲ್ ಯಾತ್ರೆಗಳ ಬಗ್ಗೆ ಬರೆದದ್ದನ್ನೆಲ್ಲ ಓದುತ್ತಾ ಹೋದರೆ ಛಲ, ಸಾಹಸ, ಒಂಟಿತನ ಎಂಬ ಮಾತುಗಳೇ ಎದುರಾಗುತ್ತವೆ. ನನಗೆ ಅವುಗಳಿಗಿಂತ ಮೇಲಿನ ಲೆಕ್ಕವೇ ದೊಡ್ಡದೆನಿಸುತ್ತದೆ. ತನಗೆ ಬೇಕಾದ ನೀರನ್ನು ಹೊರಲಾರದ ಸವಾರ ಯಾರನ್ನಾದರೂ ಕೇಳಲೇಬೇಕು. ಬಾವಿ ಎಲ್ಲಿದೆಯೆಂದು ಕೇಳಬೇಕು, ಬಾವಿಗೆ ಹಗ್ಗ ಕೇಳಬೇಕು, ಡೇರೆಯ ನೆರಳು ಕೇಳಬೇಕು. ಮರುಭೂಮಿ ಖಾಲಿಯಾಗಿದೆ ಎಂದು ಬರೆಯುವ ಸೌಕರ್ಯ ಅವನಿಗಿಲ್ಲ. ಆ ಸೌಕರ್ಯ ಯಾರಿಗಿತ್ತು ಎಂಬುದನ್ನು 1930ರ ದಶಕದ ಒಬ್ಬ ಬಡ ಪೋಲಿಷ್ ಸೈಕಲ್ ಸವಾರನ ಕತೆಯ ಪಕ್ಕದಲ್ಲಿಟ್ಟು ನೋಡಬಹುದು.

ಕಜಿಮಿಯೆಷ್ ನೊವಾಕ್ ಹುಟ್ಟಿದ್ದು 1897ರಲ್ಲಿ, ಈಗ ಉಕ್ರೇನಿನಲ್ಲಿರುವ ಸ್ತ್ರಿಯ್ ಎಂಬ ಊರಿನಲ್ಲಿ. ಪೋಲೆಂಡ್ ಎಂಬ ದೇಶ ಆಗ ನಕಾಶೆಯಲ್ಲೇ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. 1918ರಲ್ಲಿ ದೇಶ ಮತ್ತೆ ಹುಟ್ಟಿದ ಮೇಲೆ ನೊವಾಕ್ ಪೊಜ್ನಾನ್ ನಗರಕ್ಕೆ ಬಂದು ಗುಮಾಸ್ತನಾದ. ಇಪ್ಪತ್ತರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಹೋಯಿತು. ಹೆಂಡತಿ, ಇಬ್ಬರು ಮಕ್ಕಳು. ಕೈಯಲ್ಲಿ ಕ್ಯಾಮೆರಾ, ಒಂದು ಸೈಕಲ್ಲು. ಯುರೋಪಿನಲ್ಲಿ ಸುತ್ತಿ ಫೋಟೋ ಮತ್ತು ಲೇಖನಗಳನ್ನು ಪತ್ರಿಕೆಗಳಿಗೆ ಮಾರಿ ಮನೆ ನಡೆಸುವ ದಾರಿ ಹಿಡಿದ. 1931ರ ಕೊನೆಯಲ್ಲಿ ಟ್ರಿಪೋಲಿಯಲ್ಲಿ ಇಳಿದು ದಕ್ಷಿಣಕ್ಕೆ ಹೊರಟವನು ಆಫ್ರಿಕಾದ ತುದಿಯಾದ ಅಗುಲಾಸ್ ಭೂಶಿರವನ್ನು 1934ರಲ್ಲಿ ಮುಟ್ಟಿ, ಬೇರೆ ದಾರಿಯಲ್ಲಿ ವಾಪಸು ಹೊರಟು, 1936ರ ನವೆಂಬರಿನಲ್ಲಿ ಅಲ್ಜೀರ್ಸ್ ತಲುಪಿದ. ಐದು ವರ್ಷ, ಸುಮಾರು 40,000 ಕಿಲೋಮೀಟರ್. ಸಂಭಾವನೆಯ ಹಣ ಮನೆಗೆ ಸೇರಬೇಕಿತ್ತು. ಈ ಯಾತ್ರೆಯನ್ನು ಸಾಹಸ ಎನ್ನುವುದಕ್ಕಿಂತ ಸಂಸಾರಸ್ಥನೊಬ್ಬ ಕೆಲಸ ಹುಡುಕಿಕೊಂಡು ಹೋದದ್ದು ಎಂದು ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಆತ ಮೊದಲಿಗನೇನಲ್ಲ. ಬೊಂಬಾಯಿಯ ಪಾರ್ಸಿ ಕ್ರೀಡಾ ಪತ್ರಕರ್ತ ಫ್ರಾಮ್ರೋಜ್ ದಾವರ್ 1924ರ ಜನವರಿಯಲ್ಲಿ ಸೈಕಲ್ಲೇರಿ ಹೊರಟಿದ್ದ. ವಿಯೆನ್ನಾದಲ್ಲಿ ಜೊತೆಯಾದ ಗುಸ್ತಾವ್ ಸ್ಟಾವ್‌ಯಾನಿಕ್ ಎಂಬ ಸವಾರನೊಂದಿಗೆ ಸಹಾರಾವನ್ನೂ ದಾಟಿ, ಆ ಅನುಭವವನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದ. ಸಿಲ್ಹೆಟ್ ಕಡೆಯ ರಾಮನಾಥ ಬಿಸ್ವಾಸ್ 1938ರಲ್ಲಿ ಮೊಂಬಾಸಾದಿಂದ ದಕ್ಷಿಣ ಆಫ್ರಿಕಾದವರೆಗೆ ಹೋಗಿ ಬಂಗಾಳಿಯಲ್ಲಿ ಬರೆದರು. ಬಿಳಿಯರ ಹೋಟೆಲಿನ ಬಾಗಿಲು ಕಂದುಬಣ್ಣದ ಸವಾರನಿಗೆ ತೆರೆಯದ ಕಾಲ ಅದು. ನೊವಾಕನಿಗೆ ತೆರೆಯುತ್ತಿತ್ತು. ಈ ವ್ಯತ್ಯಾಸವನ್ನು ಮರೆತು ಆತನನ್ನು ಓದಬಾರದು.

ಆತ ಇಳಿದ ಲಿಬಿಯಾ ಎಂಥದು? 1911ರಲ್ಲಿ ಇಟಲಿ ಅಲ್ಲಿಗೆ ಸೈನ್ಯ ಇಳಿಸಿತ್ತು. ಕರಾವಳಿ ಕೈಗೆ ಬಂದರೂ ಒಳನಾಡು ಬಗ್ಗಲಿಲ್ಲ. ಪೂರ್ವದ ಸಿರೆನೈಕಾದಲ್ಲಿ ಸೆನುಸ್ಸಿ ಪಂಥದ ಒಮರ್ ಮುಖ್ತಾರ್ ಎಂಬ ಮುದುಕ, ಕುರಾನ್ ಕಲಿಸುತ್ತಿದ್ದ ಮೇಷ್ಟ್ರು, ಇಪ್ಪತ್ತು ವರ್ಷ ಗೆರಿಲ್ಲಾ ಯುದ್ಧ ನಡೆಸಿದ. ಅವನನ್ನು ಹಿಡಿಯಲಾಗದೆ ಇಟಾಲಿಯನ್ನರು ಅವನಿಗೆ ಅನ್ನ ನೀರು ಕೊಡುತ್ತಿದ್ದವರನ್ನೇ ಎತ್ತಂಗಡಿ ಮಾಡಿದರು. 1930ರಲ್ಲಿ ಸುಮಾರು 1 ಲಕ್ಷ ಜನರನ್ನು, ಹೆಚ್ಚಿನವರು ಕುರಿ ಒಂಟೆ ಸಾಕಿಕೊಂಡು ಅಲೆಯುವ ಜನ, ಮುಳ್ಳುತಂತಿಯ ಶಿಬಿರಗಳಿಗೆ ನಡೆಸಿಕೊಂಡು ಹೋದರು. ಅಲ್ಲಿ ಹತ್ತಾರು ಸಾವಿರ ಜನ ಹಸಿವಿಗೆ, ರೋಗಕ್ಕೆ ಸತ್ತರು. ಮರುಭೂಮಿಯ ಬಾವಿಗಳನ್ನು ಸಿಮೆಂಟು ಹಾಕಿ ಮುಚ್ಚಿದರು. 1931ರಲ್ಲಿ ಈಜಿಪ್ಟಿನ ಗಡಿಯುದ್ದಕ್ಕೆ, ಸಮುದ್ರದಿಂದ ದಕ್ಷಿಣಕ್ಕೆ, ಸುಮಾರು 270 ಕಿಲೋಮೀಟರ್ ಮುಳ್ಳುತಂತಿಯ ಬೇಲಿ ಎಳೆದರು. ಆ ವರ್ಷದ ಜನವರಿಯಲ್ಲಿ ಕುಫ್ರಾ ಓಯಸಿಸ್ ಬಿದ್ದಾಗ ಅಲ್ಲಿಂದ ಈಜಿಪ್ಟಿನತ್ತ ಓಡಿದ ಕುಟುಂಬಗಳಲ್ಲಿ ಹಲವರು ದಾರಿಯಲ್ಲಿ ಬಾಯಾರಿ ಸತ್ತರು. ಸೆಪ್ಟೆಂಬರ್ 16ರಂದು ಸುಲೂಕ್ ಎಂಬಲ್ಲಿ, ಶಿಬಿರದಲ್ಲಿದ್ದವರನ್ನು ತಂದು ನಿಲ್ಲಿಸಿ ಅವರ ಎದುರಿನಲ್ಲೇ, ಒಮರ್ ಮುಖ್ತಾರನನ್ನು ನೇಣಿಗೆ ಹಾಕಿದರು.

ಇದಾಗಿ ಕೆಲವೇ ವಾರಗಳಿಗೆ ನೊವಾಕ್ ಟ್ರಿಪೋಲಿಗೆ ಬಂದದ್ದು. ಲಿಬಿಯಾದ ಮರುಭೂಮಿ, ಬೆಂಗಾಜಿ, ಅಲ್ಲಿಂದ ಈಜಿಪ್ಟ್ ಎಂದು ಸಾಗಿದ ಆತ ಬೇಲಿಯ ಆ ಸೀಮೆಯನ್ನು ಹಾದೇ ಹೋಗಿರಬೇಕು. ಆ ಬಯಲಿನಲ್ಲಿ ಯಾರೂ ಕಾಣಲಿಲ್ಲ ಎಂದು ಆ ಕಾಲದ ಯಾವುದೇ ಪ್ರವಾಸಿ ಬರೆದಿದ್ದರೂ ಅದು ನಿಸರ್ಗದ ವರ್ಣನೆಯಾಗುತ್ತಿರಲಿಲ್ಲ, ಪೊಲೀಸ್ ವರದಿಯಾಗುತ್ತಿತ್ತು. ಜನರನ್ನು ಹೊರಡಿಸಿ, ಬಾವಿ ಮುಚ್ಚಿ, ಖಾಲಿ ಮಾಡಿದ ಮರುಭೂಮಿ ಅದು. ಆ ನಾಡಿನಲ್ಲಿ ಬಾವಿಯನ್ನು ನೆಚ್ಚಿಕೊಂಡು ಒಬ್ಬ ಮನುಷ್ಯ ಸೈಕಲ್ ತುಳಿದ ಎಂಬುದನ್ನು ಸಾಹಸದ ಖಾತೆಗೆ ಬರೆದುಕೊಳ್ಳುವ ಮೊದಲು ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ.

ಇದೇ ಮರುಭೂಮಿಯ ಪೂರ್ವದ ಅಂಚಿನಲ್ಲಿ ಆ ಹೊತ್ತಿಗೆ ಬೇರೆ ಬಗೆಯ ಪ್ರವಾಸಿಗಳಿದ್ದರು. ಬ್ರಿಟಿಷ್ ಸೈನ್ಯದ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1929ರಿಂದ ಫೋರ್ಡ್ ಕಾರುಗಳಲ್ಲಿ ಮರಳುಸಮುದ್ರಕ್ಕೆ ನುಗ್ಗುತ್ತಿದ್ದ. ಟಯರಿನ ಗಾಳಿ ಇಳಿಸಿ ಮರಳಿನ ಮೇಲೆ ಓಡಿಸುವುದು, ಹೂತ ಚಕ್ರದಡಿ ಉಕ್ಕಿನ ಪಟ್ಟಿ ಹಾಸುವುದು, ರೇಡಿಯೇಟರಿನಿಂದ ಆವಿಯಾಗುವ ನೀರನ್ನು ಹಿಡಿದು ಮತ್ತೆ ಬಳಸುವುದು, ಎಲ್ಲವನ್ನೂ ಈ ಗೆಳೆಯರ ಗುಂಪು ಪ್ರಯೋಗ ಮಾಡಿ ಕಲಿತಿತು. 1930ರಲ್ಲಿ ಸುಡಾನಿನ ವಾದಿ ಹಾಲ್ಫಾ ಊರಿನ ಬಾರೊಂದರಲ್ಲಿ ಕೂತು, ದಂತಕತೆಯ ಓಯಸಿಸ್ ಒಂದರ ಹೆಸರಿನಲ್ಲಿ 'ಜೆರ್ಜುರಾ ಕ್ಲಬ್' ಕಟ್ಟಿಕೊಂಡರು. 1932ರಲ್ಲಿ ಹಂಗೇರಿಯ ಲಾಸ್ಲೋ ಅಲ್ಮಾಶಿ ಕಾರು ಮತ್ತು ವಿಮಾನದಲ್ಲಿ ಅದೇ ಜೆರ್ಜುರಾ ಹುಡುಕಿದ. ಮೈಕೇಲ್ ಒಂಡಾಟ್ಜೆಯ 'ದಿ ಇಂಗ್ಲಿಷ್ ಪೇಷೆಂಟ್' ಕಾದಂಬರಿ ಓದಿದವರಿಗೆ ಈತನ ಹೆಸರು ನೆನಪಿರುತ್ತದೆ. ಪಶ್ಚಿಮದ ಸಹಾರಾದಲ್ಲಿ ಇದಕ್ಕೂ ಹತ್ತು ವರ್ಷ ಮೊದಲೇ ಸಿತ್ರೋಯೆನ್ ಕಂಪನಿಯ ಐದು ಬಂಡಿಗಳು ತುಗ್ಗುರ್ತಿನಿಂದ ಟಿಂಬಕ್ಟುವಿಗೆ ಮೂರು ವಾರಗಳಲ್ಲಿ ಹೋಗಿದ್ದವು.

ಇವರೆಲ್ಲ ನೀರನ್ನು ಹೊತ್ತೊಯ್ದರು. ಯಾರನ್ನೂ ಕೇಳುವ ಅಗತ್ಯ ಕಡಿಮೆ. ಬ್ಯಾಗ್ನಾಲ್ಡ್ ಮರಳಿನ ಚಲನೆಯನ್ನು ಕುರಿತು 1941ರಲ್ಲಿ ಪ್ರಕಟಿಸಿದ ಗ್ರಂಥ ಇವತ್ತಿಗೂ ಭೂವಿಜ್ಞಾನಿಗಳ ಮೇಜಿನ ಮೇಲಿದೆ. ಆ ಪ್ರತಿಭೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅದೇ ಜ್ಞಾನದಿಂದ 1940ರಲ್ಲಿ ಆತ ಮರುಭೂಮಿಯಲ್ಲಿ ದೂರದಾಳಿ ಮಾಡುವ ಸೇನಾ ತುಕಡಿ ಕಟ್ಟಿದ. ಅಲ್ಮಾಶಿ ಜರ್ಮನರ ಕಡೆ ಸೇರಿ ಗೂಢಚಾರರನ್ನು ಅದೇ ಮರಳು ದಾಟಿಸಿದ. ನಕಾಶೆಯಾದ ಮರುಭೂಮಿ ಹತ್ತು ವರ್ಷದೊಳಗೆ ರಣರಂಗವಾಯಿತು. ನೊವಾಕ್ ಕಲಿತದ್ದು ಯಾವ ಸೈನ್ಯಕ್ಕೂ ಬೇಕಾಗಲಿಲ್ಲ.

ಈಜಿಪ್ಟಿನಲ್ಲಿ ಆತ ನೈಲ್ ನದಿಯ ಗುಂಟ ದಕ್ಷಿಣಕ್ಕೆ ತಿರುಗಿದ. ಅಲ್ಲಿ ಬೀಸುವ ಗಾಳಿ ಹೆಚ್ಚಾಗಿ ಉತ್ತರದಿಂದ ಬರುತ್ತದೆ. ನದಿ ಉತ್ತರಕ್ಕೆ ಹರಿದರೆ ಗಾಳಿ ದಕ್ಷಿಣಕ್ಕೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ 'ದಕ್ಷಿಣಕ್ಕೆ ಹೋಗು' ಎಂಬುದಕ್ಕೆ ಹಾಯಿ ಬಿಚ್ಚಿದ ದೋಣಿಯ ಗುರುತು, 'ಉತ್ತರಕ್ಕೆ ಹೋಗು' ಎಂಬುದಕ್ಕೆ ಹಾಯಿ ಇಲ್ಲದ ದೋಣಿಯ ಗುರುತು. ಸೈಕಲ್ ಸವಾರನಿಗೆ ಈ ಎರಡು ಗುರುತುಗಳ ಅರ್ಥ ಮೊಣಕಾಲಿನಲ್ಲೇ ತಿಳಿಯುತ್ತದೆ. ಬೆನ್ನಿಗೆ ಗಾಳಿಯಿದ್ದರೆ ನೂರು ಕಿಲೋಮೀಟರ್ ಒಂದು ದಿನ. ಎದುರಿಗಿದ್ದರೆ ಮೂರು ದಿನ. ಇವತ್ತಿಗೂ ಕೈರೋದಿಂದ ಕೇಪ್‌ಟೌನಿಗೆ ಹೋಗುವ ಸೈಕಲ್ ಯಾತ್ರಿಕರ ದಂಡು ಉತ್ತರದಿಂದಲೇ ಹೊರಡುತ್ತದೆ. ಪಶ್ಚಿಮದ ಅಟ್ಲಾಂಟಿಕ್ ಕರಾವಳಿಯಲ್ಲೂ ಈಶಾನ್ಯದ ವಾಣಿಜ್ಯ ಮಾರುತ ಇದೇ ದಿಕ್ಕಿಗೆ ತಳ್ಳುತ್ತದೆ.

ಮರುಭೂಮಿಯ ಒಳಗಿಗಿಂತ ಅದರ ಅಂಚು ಸೈಕಲ್ಲಿಗೆ ಹೆಚ್ಚು ಕಾಟ ಕೊಡುತ್ತದೆ. ಸಹಾರಾ ಮುಗಿದು ಸಾಹೆಲ್ ಎಂಬ ಕುರುಚಲು ನಾಡು ಶುರುವಾದಲ್ಲಿ ಜಾಲಿಮುಳ್ಳು, ಅದಕ್ಕಿಂತ ಕೆಟ್ಟದಾದ ನೆಗ್ಗಿಲು ಮುಳ್ಳು. ಹೌದು, ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲು. ಯಾವ ಮಗ್ಗುಲಿಗೆ ಬಿದ್ದರೂ ಒಂದು ಮೊನೆ ಆಕಾಶಕ್ಕೆ ಇರುವಂತೆ ಪ್ರಕೃತಿ ಅದನ್ನು ಮಾಡಿದೆ. ಟ್ಯೂಬಿಗೆ ಒಂದೇ ದಿನ ಹತ್ತಾರು ಪ್ಯಾಚು ಹಾಕಿದ ಕತೆಗಳನ್ನು ಆ ದಾರಿಯ ಸವಾರರೆಲ್ಲ ಹೇಳುತ್ತಾರೆ. ಜೊತೆಗೆ ಆ ಒಣಗಾಳಿಯಲ್ಲಿ ಬೆವರು ಕಾಣುವುದೇ ಇಲ್ಲ. ಬಂದ ಕ್ಷಣವೇ ಆರಿಹೋಗಿ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಸೈಕಲ್ಲು ಓಡುತ್ತಿರುವಷ್ಟು ಹೊತ್ತು ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುವುದರಿಂದ ಸೆಕೆ ಗೊತ್ತಾಗುವುದಿಲ್ಲ. ನಿಂತಾಗ ಬಿಸಿಲು ಮೈಮೇಲೆ ಬೀಳುತ್ತದೆ. ಬಾಯಾರಿಕೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ನೊವಾಕನ ಯಾತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು ಸೈಕಲ್ಲು ಸೋತ ಭಾಗಗಳು. ಈಗಿನ ನಮೀಬಿಯಾದಲ್ಲಿ, ಅಂದರೆ ನಮೀಬ್ ಮತ್ತು ಕಲಹಾರಿಗಳ ನಾಡಿನಲ್ಲಿ, ಆತ ಸೈಕಲ್ಲು ಬಿಟ್ಟು ಕುದುರೆ ಹತ್ತಿದ. ಅಂಗೋಲಾ, ಕಾಂಗೋ ಕಡೆಯ ನದಿಗಳಲ್ಲಿ ದೋಣಿ ಹಿಡಿದ. ಅದಕ್ಕೆ ತನ್ನ ಊರು ಪೊಜ್ನಾನಿನ ಹೆಸರಿಟ್ಟ. 1936ರಲ್ಲಿ ಚಾಡ್ ಸರೋವರದ ಕಡೆಯಿಂದ ಉತ್ತರಕ್ಕೆ ಸಹಾರಾ ದಾಟುವಾಗ ಒಂಟೆ ಕೊಂಡ. ಐದು ವರ್ಷದ ಅನುಭವವಿದ್ದ ಸವಾರ, ಎಲ್ಲರೂ ಕೇಳಿ ಬೆರಗಾಗುವ ಆ ದಾಟುವಿಕೆಯನ್ನು ಒಂಟೆಯ ಮೇಲೆ ಮಾಡಿದ. ದಾಖಲೆ ಮುರಿಯಲು ಹೋದವನು ಹೀಗೆ ಮಾಡುತ್ತಿರಲಿಲ್ಲ. ಮೊದಲಿಗೆ ಬರೆದ ಲೆಕ್ಕವನ್ನು ಆತ ಬೆನ್ನಿನಿಂದ ಕಲಿತಿದ್ದ. ಆ ನಾಡಿನವರು ಸಾವಿರಾರು ವರ್ಷ ಮೊದಲೇ ಕಲಿತಿದ್ದರು.

ವಸಾಹತು ಆಫ್ರಿಕಾದಲ್ಲಿ ಬಿಳಿಯನೊಬ್ಬ ತನ್ನ ಗಂಟನ್ನು ತಾನೇ ಕಟ್ಟಿಕೊಂಡು ಧೂಳು ಮೆತ್ತಿದ ಸೈಕಲ್ಲಿನಲ್ಲಿ ಬರುವುದು ಅಪರೂಪದ ದೃಶ್ಯ. ಅಧಿಕಾರಿಗಳಿಗೆ ಮುಜುಗರದ ದೃಶ್ಯ ಕೂಡ. ಬಡ ಬಿಳಿಯ ಎಂಬುವನು ಆ ವ್ಯವಸ್ಥೆಯ ನಂಬಿಕೆಗೇ ವಿರುದ್ಧ. ನೊವಾಕ್ ವಸಾಹತುಗಾರರನ್ನು ಟೀಕಿಸಿ ಬರೆದ. ಪರರ ಆಳ್ವಿಕೆಯಲ್ಲಿ ಹುಟ್ಟಿದ ಪೋಲಿಷನಿಗೆ ಅದು ಕಾಣದೆ ಹೋಗುವುದು ಕಷ್ಟ. ತಮಾಷೆಯೆಂದರೆ ಅದೇ ವರ್ಷಗಳಲ್ಲಿ ಪೋಲೆಂಡಿನಲ್ಲಿ ಸಾಗರ ಮತ್ತು ವಸಾಹತು ಸಂಘವೊಂದು 'ನಮಗೂ ವಸಾಹತು ಬೇಕು' ಎಂದು ಮೆರವಣಿಗೆ ಮಾಡುತ್ತಿತ್ತು. ಹಾಗೆಂದು ನೊವಾಕನನ್ನು ದೇವರು ಮಾಡಬೇಕಿಲ್ಲ. ಆಡಳಿತದ ಭಯದಲ್ಲಿರುವ ಹಳ್ಳಿಗೆ ಬಿಳಿಯ ಬಂದು ನೀರು ಕೇಳಿದರೆ ಅದು ಬೇಡಿಕೆಯೋ ಆಜ್ಞೆಯೋ? ಹಳ್ಳಿಯವರು ಏನೆಂದು ತಿಳಿದು ಕೊಟ್ಟರು? ಆತನ ಫೋಟೋಗಳಲ್ಲಿ ಅವರ ಮುಖಗಳಿವೆ. ಉತ್ತರ ಆ ಮುಖಗಳಲ್ಲಿ ಎಲ್ಲೋ ಇದ್ದೀತು. ಅವರು ಬರೆದದ್ದು ನಮ್ಮ ಕೈಯಲ್ಲಿಲ್ಲ.

ಮಲೇರಿಯಾದಿಂದ ಜರ್ಜರಿತನಾಗಿ ಮನೆಗೆ ಬಂದ ನೊವಾಕ್ ಒಂದು ವರ್ಷವೂ ಬದುಕಲಿಲ್ಲ. 1937ರ ಅಕ್ಟೋಬರ್ 13ರಂದು, 40ನೇ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಎರಡು ವರ್ಷಕ್ಕೆ ಮಹಾಯುದ್ಧ ಪೋಲೆಂಡಿನಲ್ಲೇ ಶುರುವಾಯಿತು. ಆತನ ಬರಹಗಳು ಹಳೆಯ ಪತ್ರಿಕೆಗಳ ಕಟ್ಟುಗಳಲ್ಲಿ ಚದುರಿ ಅರವತ್ತು ವರ್ಷ ಬಿದ್ದಿದ್ದವು. ಅವನ್ನು ಹೊರತಂದದ್ದು ವಿಶ್ವವಿದ್ಯಾಲಯವಲ್ಲ ಎಂಬುದು ಸಂಶೋಧನಾ ವಿದ್ಯಾರ್ಥಿಯಾದ ನನಗೆ ಸ್ವಲ್ಪ ಚುಚ್ಚುತ್ತದೆ. ಲುಕಾಶ್ ವಿಯೆಷ್ಬಿಟ್ಸ್ಕಿ ಎಂಬ ಲೇಖಕನಿಗೆ ಅವನ ಅಜ್ಜ, ತಾನು ಹುಡುಗನಾಗಿದ್ದಾಗ ಪತ್ರಿಕೆಯಲ್ಲಿ ಓದಿದ ಸೈಕಲ್ಲಿನವನ ಕತೆ ಹೇಳುತ್ತಿದ್ದನಂತೆ. ಮೊಮ್ಮಗ ಗ್ರಂಥಾಲಯದಲ್ಲಿ ಕೂತು ಸಂಚಿಕೆ ಸಂಚಿಕೆ ತಿರುವಿ ಲೇಖನಗಳನ್ನು ಒಟ್ಟುಮಾಡಿದ; 2000ನೇ ಇಸವಿಯಲ್ಲಿ ಪುಸ್ತಕ ಬಂತು. ಈಗ ಇಂಗ್ಲಿಷ್ ಅನುವಾದವೂ ಇದೆ, ಪೋಲಿಷ್ ಬಾರದವರಿಗೆ ಅದೇ ಗತಿ. 2006ರಲ್ಲಿ ಪೊಜ್ನಾನ್ ರೈಲು ನಿಲ್ದಾಣದಲ್ಲಿ ಸ್ಮಾರಕ ಫಲಕವನ್ನು ಅನಾವರಣ ಮಾಡಿದ್ದು ಆಫ್ರಿಕಾದ ವರದಿಗಳಿಗೆ ಹೆಸರಾದ ರಿಶಾರ್ದ್ ಕಪುಶ್ಚಿನ್ಸ್ಕಿ. ಆಮೇಲೆ 2009ರಿಂದ 2011ರವರೆಗೆ ಪೋಲಿಷ್ ಪ್ರವಾಸಿಗಳು ಸರದಿಯ ಮೇಲೆ ನೊವಾಕನ ದಾರಿಯನ್ನು ಮತ್ತೆ ತುಳಿದರು.

ಆ ದಾರಿಗಳಾದರೂ ಎಲ್ಲಿ ಉಳಿದಿವೆ? ಅಲ್ಜೀರಿಯಾದ ನಡುವೆ ತಮನ್‌ರಾಸೆತ್ ಊರಿಗೆ 1970ರ ದಶಕದ ಕೊನೆಗೆ ಡಾಂಬರು ಬಂದಾಗ ಯುರೋಪಿನ ಸವಾರರು ಸಾಲುಗಟ್ಟಿದರು. 1990ರ ದಶಕದ ಅಂತರ್ಯುದ್ಧ, 2003ರಲ್ಲಿ 32 ಮಂದಿ ಯುರೋಪಿಯನ್ ಪ್ರವಾಸಿಗಳ ಅಪಹರಣ ಆ ದಾರಿಯನ್ನು ಮುಚ್ಚಿಸಿದವು. ಯಾತ್ರೆ ಪಶ್ಚಿಮಕ್ಕೆ ಸರಿಯಿತು. ಅಲ್ಲಿ ಪಶ್ಚಿಮ ಸಹಾರಾವನ್ನು ಸೀಳಿಕೊಂಡು ಮೊರಾಕೊ 1980ರ ದಶಕದಲ್ಲಿ ಕಟ್ಟಿದ 2,700 ಕಿಲೋಮೀಟರಿನ ಮರಳಗೋಡೆ, ಅದರ ಸುತ್ತ ನೆಲಬಾಂಬುಗಳು. ಮೂತ್ರಕ್ಕೆಂದು ರಸ್ತೆಯಿಂದ ದೂರ ಹೋಗಬೇಡಿ ಎಂಬುದು ಆ ದಾರಿಯಲ್ಲಿ ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು. ಉಳಿದದ್ದು ಪೂರ್ವದ ದಾರಿ, ನೈಲ್ ಗುಂಟ ಈಜಿಪ್ಟಿನಿಂದ ಸುಡಾನಿಗೆ.

ಈ ಸುಡಾನಿನ ದಾರಿಯನ್ನು ತುಳಿದವರು ತಪ್ಪದೆ ಹೇಳುವ ಒಂದು ವಸ್ತುವಿದೆ: ಜೀರ್. ಸಣ್ಣ ಚಪ್ಪರದ ಅಡಿ, ಕಬ್ಬಿಣದ ಅಡ್ಡೆಯ ಮೇಲೆ ಸಾಲಾಗಿ ಕೂರಿಸಿದ ದೊಡ್ಡ ಮಣ್ಣಿನ ಗುಡಾಣಗಳು. ಮುಚ್ಚಳದ ಮೇಲೆ ಒಂದು ಲೋಟ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ನೀರು ಆರುತ್ತಾ ಒಳಗಿನದನ್ನು ತಂಪು ಮಾಡುತ್ತದೆ. ಯಾರೋ ಸತ್ತವರ ಹೆಸರಿನಲ್ಲಿ ಇಡಿಸಿರುತ್ತಾರೆ, ಯಾರೋ ದಿನಾ ತುಂಬಿಸುತ್ತಾರೆ. ದಾರಿಹೋಕನನ್ನು ಯಾರೆಂದು ಕೇಳುವವರಿಲ್ಲ. ನಮ್ಮ ಶಾಸನಗಳಲ್ಲಿ ದಾನದ ಪಟ್ಟಿಯಲ್ಲಿ ಕೆರೆ, ಬಾವಿ, ಸತ್ರಗಳ ಜೊತೆ ಬರುವ ಅರವಟ್ಟಿಗೆಯೂ ಇಂಥದ್ದೇ: ಧರ್ಮಕ್ಕೆ ನೀರಿಡುವ ಚಪ್ಪರ. ಮೇ ತಿಂಗಳಲ್ಲಿ ಊರ ರಸ್ತೆಬದಿಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟ ಮಡಕೆ ಕಂಡವರಿಗೆ ಜೀರ್ ಏನೆಂದು ಹೆಚ್ಚು ವಿವರಿಸಬೇಕಿಲ್ಲ. ಜಿಪಿಎಸ್, ಹಗುರ ಅಲ್ಯುಮಿನಿಯಂ ಚೌಕಟ್ಟು, ಪಂಕ್ಚರ್ ಆಗದ ಟಯರು, ಎಲ್ಲ ಇದ್ದು ಬರುವ ಇಂದಿನ ಸವಾರನೂ ಆ ಲೋಟಕ್ಕೇ ಕೈಚಾಚುತ್ತಾನೆ.

2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಯುದ್ಧ ಶುರುವಾದ ಮೇಲೆ ಆ ರಸ್ತೆಯಲ್ಲಿ ಸೈಕಲ್ ಪ್ರವಾಸ ನಿಂತುಹೋಯಿತು. ಅದೇ ರಸ್ತೆಯಲ್ಲಿ, ಈ ಸಲ ದಕ್ಷಿಣದಿಂದ ಉತ್ತರಕ್ಕೆ, ಬಸ್ಸು ಲಾರಿಗಳಲ್ಲಿ ಲಕ್ಷಾಂತರ ಜನ ಈಜಿಪ್ಟಿನ ಕಡೆ ಓಡಿದರು. ದಾರಿಯ ಹಳ್ಳಿಗಳವರು ಅವರಿಗೆ ನೀರು, ಊಟ ಕೊಟ್ಟು, ಮನೆ ಮತ್ತು ಶಾಲೆಗಳ ಬಾಗಿಲು ತೆರೆದರು. ವಾದಿ ಹಾಲ್ಫಾದಲ್ಲಿ ವೀಸಾಕ್ಕಾಗಿ ಕಾಯುವವರು ಬೀದಿಯಲ್ಲಿ, ಮಸೀದಿಯ ಅಂಗಳದಲ್ಲಿ, ಕಟ್ಟಡಗಳ ನೆರಳಿನಲ್ಲಿ ವಾರಗಟ್ಟಲೆ ಮಲಗಿದರು. ಜೆರ್ಜುರಾ ಕ್ಲಬ್ ಹುಟ್ಟಿದ ಹಳೆಯ ವಾದಿ ಹಾಲ್ಫಾ ಇದಲ್ಲ. ಅದು 1960ರ ದಶಕದಲ್ಲಿ ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಯಿತು. ಆಗ ಹತ್ತಾರು ಸಾವಿರ ನೂಬಿಯನ್ನರನ್ನು ದೂರದ ಬಯಲಿಗೆ ಎತ್ತಂಗಡಿ ಮಾಡಿದರು. ಹೋಗಲೊಪ್ಪದ ಕೆಲವರು ಏರುವ ನೀರಿನ ಎದುರು ಹಿಂದೆ ಹಿಂದೆ ಸರಿಯುತ್ತಾ, ದಡದಲ್ಲೇ ಈ ಹೊಸ ಊರನ್ನು ಕಟ್ಟಿಕೊಂಡರು.